ನೇಮನಿಷ್ಠೆಗೆ ದಕ್ಕದ ನೆಮ್ಮದಿ: ಜಾನ್ ವೆಸ್ಲಿ ಬದುಕಿನ ಹಾದಿ

ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ವಾರದಲ್ಲಿ ಎರಡು ದಿನ ಉಪವಾಸ, ಗಂಟೆಗೊಮ್ಮೆ ಆತ್ಮಪರೀಕ್ಷೆ, ಸೆರೆಮನೆಯ ಕೈದಿಗಳ ಭೇಟಿ, ಗಳಿಕೆಯ ಬಹುಪಾಲು ದಾನ. ಇಂಥ ದಿನಚರಿಯನ್ನು ಒಂದೆರಡು ವಾರ ಪಾಲಿಸುವುದೇ ಕಷ್ಟ. 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಅದನ್ನು ವರ್ಷಗಟ್ಟಲೆ ಚಾಚೂ ತಪ್ಪದೆ ಪಾಲಿಸಿದರು. ಹಾಗಿದ್ದೂ 34ನೇ ವಯಸ್ಸಿನಲ್ಲಿ ಅವರು ತಮ್ಮ ಬಗ್ಗೆ ತಾವೇ ನೀಡಿಕೊಂಡ ತೀರ್ಪು ಕಠೋರವಾಗಿತ್ತು. ಇತರರಿಗೆ ಧರ್ಮ ಬೋಧಿಸಲು ಸಾಗರ ದಾಟಿ ಹೋಗಿದ್ದ ತಾವೇ ಇನ್ನೂ ದೇವರ ಕಡೆಗೆ ತಿರುಗಿಲ್ಲ ಎಂದು ಅವರು ದಿನಚರಿಯಲ್ಲಿ ಬರೆದಿಟ್ಟರು.

ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬುದನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಕ್ರೈಸ್ತ ಧರ್ಮವೂ ಅದಕ್ಕೆ ಹೊರತಲ್ಲ. ಆದರೆ ತಿದ್ದಿಕೊಂಡ ಮಾತ್ರಕ್ಕೆ ದೇವರೊಂದಿಗಿನ ಸಂಬಂಧ ಸರಿಹೋಗುವುದಿಲ್ಲ, ಅದು ಕೃಪೆಯಿಂದ ದೊರೆಯಬೇಕಾದುದು ಎಂಬ ಮಾತು ಆ ಧರ್ಮದ ತಿರುಳಿನಲ್ಲಿದೆ. ಈ ಮಾತನ್ನು ಪುಸ್ತಕದಲ್ಲಿ ಓದಿ ಒಪ್ಪಿದವರು ಬಹಳ ಮಂದಿ. ತಮ್ಮ ಬದುಕನ್ನೇ ಪಣಕ್ಕೊಡ್ಡಿ, ಸೋತು, ಆಮೇಲೆ ಅದರ ಅರ್ಥ ಕಂಡುಕೊಂಡವರ ಸಾಲಿನಲ್ಲಿ ಮೆಥೋಡಿಸ್ಟ್ ಪಂಥದ ಮೂಲಪುರುಷ ವೆಸ್ಲಿ ಅವರ ಹೆಸರು ಎದ್ದು ಕಾಣುತ್ತದೆ.

ಎಪ್ವರ್ತ್ ಮನೆಯ ಶಿಸ್ತು

ಜಾನ್ ವೆಸ್ಲಿ ಜನಿಸಿದ್ದು ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಎಪ್ವರ್ತ್ ಎಂಬ ಊರಿನಲ್ಲಿ, ಅಂದು ಬಳಕೆಯಲ್ಲಿದ್ದ ಹಳೆಯ ಕಾಲಗಣನೆಯ ಪ್ರಕಾರ 1703ರ ಜೂನ್ 17ರಂದು. ತಂದೆ ಸ್ಯಾಮ್ಯುಯೆಲ್ ವೆಸ್ಲಿ ಅಲ್ಲಿನ ಆಂಗ್ಲಿಕನ್ ಸಭೆಯ ಪಾದ್ರಿ. ತಾಯಿ ಸುಸಾನಾ. ದಂಪತಿಗೆ ಹುಟ್ಟಿದ ಮಕ್ಕಳು 19. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು. ಜಾನ್ 15ನೆಯವರು. ತಮ್ಮ ಚಾರ್ಲ್ಸ್ ಮುಂದೆ ಸಾವಿರಾರು ಭಕ್ತಿಗೀತೆಗಳನ್ನು ರಚಿಸಿ ಹೆಸರಾದರು.

ಸುಸಾನಾ ಅವರದು ಬಹಳ ಕಟ್ಟುನಿಟ್ಟಿನ ಮನೆ. ಮಕ್ಕಳಿಗೆ ದಿನಕ್ಕೆ ಆರು ಗಂಟೆ ಮನೆಯಲ್ಲಿಯೇ ಪಾಠ. ಅಷ್ಟು ದೊಡ್ಡ ಸಂಸಾರದ ನಡುವೆಯೂ ವಾರದ ಒಂದೊಂದು ಸಂಜೆ ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಕುಳಿತು ಅದರ ಆತ್ಮದ ಯೋಗಕ್ಷೇಮ ವಿಚಾರಿಸುತ್ತಿದ್ದರು. ಜಾನ್ ಪಾಲಿಗೆ ಬಂದಿದ್ದು ಗುರುವಾರ. ದೊಡ್ಡವರಾದ ಮೇಲೂ ಆ ಗುರುವಾರದ ಸಂಜೆಗಳನ್ನು ಅವರು ಮರೆಯಲಿಲ್ಲ.

1709ರ ಫೆಬ್ರುವರಿ 9ರ ರಾತ್ರಿ ಪಾದ್ರಿಯ ಮನೆಗೆ ಬೆಂಕಿ ಬಿತ್ತು. ಮನೆಯವರೆಲ್ಲ ಹೊರಗೆ ಓಡಿಬಂದಾಗ ಐದು ವರ್ಷದ ಜಾನ್ ಮಹಡಿಯಲ್ಲಿಯೇ ಉಳಿದಿದ್ದ. ಎಚ್ಚೆತ್ತ ಬಾಲಕ ಕಿಟಕಿಯ ಬಳಿಯಿದ್ದ ಪೆಟ್ಟಿಗೆಯ ಮೇಲೆ ಹತ್ತಿ ನಿಂತ. ಅಂಗಳದಲ್ಲಿದ್ದವರ ಕಣ್ಣಿಗೆ ಬಿದ್ದ. ಏಣಿ ತರಲು ಸಮಯವಿರಲಿಲ್ಲ. ಒಬ್ಬರ ಹೆಗಲ ಮೇಲೆ ಮತ್ತೊಬ್ಬರು ನಿಂತು ಮಗುವನ್ನು ಹೊರಗೆ ಎಳೆದುಕೊಂಡರು. ಮರುಕ್ಷಣವೇ ಮಾಡು ಕುಸಿದು ಒಳಕ್ಕೆ ಬಿತ್ತು. ಈ ಮಗುವನ್ನು ದೇವರು ಯಾವುದೋ ಉದ್ದೇಶಕ್ಕಾಗಿಯೇ ಉಳಿಸಿದ್ದಾನೆ ಎಂಬ ನಂಬಿಕೆ ತಾಯಿಯಲ್ಲಿ ಬೇರೂರಿತು. ಮಗನೂ ಬದುಕಿನುದ್ದಕ್ಕೂ ತನ್ನನ್ನು ಉರಿಯಿಂದ ಎಳೆದು ತೆಗೆದ ಕೊಳ್ಳಿಯೆಂದೇ ತಿಳಿದುಕೊಂಡ.

ಆಕ್ಸ್‌ಫರ್ಡಿನ ಪವಿತ್ರ ಕೂಟ

ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿದ ವೆಸ್ಲಿ 1720ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. 1725ರಲ್ಲಿ ಡೀಕನ್ ದೀಕ್ಷೆ, 1726ರಲ್ಲಿ ಲಿಂಕನ್ ಕಾಲೇಜಿನ ಫೆಲೋ ಪದವಿ, 1728ರಲ್ಲಿ ಪಾದ್ರಿಯಾಗಿ ಪೂರ್ಣ ದೀಕ್ಷೆ. ಗ್ರೀಕ್ ಬೋಧನೆ, ತರ್ಕ ಎರಡರಲ್ಲಿಯೂ ಅವರದು ಎತ್ತಿದ ಕೈ. ಈ ಅವಧಿಯಲ್ಲಿ ಜೆರೆಮಿ ಟೇಲರ್, ಥಾಮಸ್ ಎ ಕೆಂಪಿಸ್, ವಿಲಿಯಂ ಲಾ ಅವರ ಗ್ರಂಥಗಳು ಅವರ ಮನಸ್ಸನ್ನು ಆವರಿಸಿದವು. ದೇವರಿಗೆ ಅರ್ಧ ಬದುಕನ್ನು ಕೊಟ್ಟು ಉಳಿದರ್ಧವನ್ನು ತನಗಾಗಿ ಇಟ್ಟುಕೊಳ್ಳಲಾಗದು, ಕೊಟ್ಟರೆ ಪೂರ್ತಿಯಾಗಿಯೇ ಕೊಡಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು. 1725ರಿಂದ ದಿನಚರಿ ಬರೆಯತೊಡಗಿದ್ದೂ ಇದೇ ಸಂಕಲ್ಪದ ಫಲ.

ಆ ದಿನಚರಿ ಸಾಮಾನ್ಯ ಬರವಣಿಗೆಯಲ್ಲ. ವರ್ಷಗಳು ಕಳೆದಂತೆ ಅದು ಆತ್ಮದ ಜಮಾಖರ್ಚಿನ ಪುಸ್ತಕವಾಗಿ ಬೆಳೆಯಿತು. ಪ್ರತಿ ಗಂಟೆಗೂ ಒಂದೊಂದು ಸಾಲು. ಆ ಗಂಟೆಯಲ್ಲಿ ಏನು ಓದಿದೆ, ಯಾರೊಡನೆ ಮಾತನಾಡಿದೆ, ಎಷ್ಟು ಪ್ರಾರ್ಥಿಸಿದೆ, ಯಾವ ಸಂಕಲ್ಪ ಮುರಿದೆ ಎಂಬುದೆಲ್ಲ ದಾಖಲು. ಭಕ್ತಿಯ ತೀವ್ರತೆಗೆ ಅಂಕ ಕೊಟ್ಟುಕೊಂಡದ್ದೂ ಉಂಟು. ಸಂಕೇತಾಕ್ಷರಗಳಲ್ಲಿ ಬರೆದಿದ್ದ ಈ ಪುಟಗಳನ್ನು ವಿದ್ವಾಂಸರು ಬಿಡಿಸಿ ಓದಿದ್ದು 20ನೇ ಶತಮಾನದಲ್ಲಿ.

1729ರ ನವೆಂಬರಿನಲ್ಲಿ, ಎರಡು ವರ್ಷ ತಂದೆಗೆ ಸಹಾಯಕರಾಗಿ ದುಡಿದು ವೆಸ್ಲಿ ಆಕ್ಸ್‌ಫರ್ಡಿಗೆ ಮರಳಿದರು. ಅಷ್ಟರಲ್ಲಿ ತಮ್ಮ ಚಾರ್ಲ್ಸ್ ಕೆಲವು ಗೆಳೆಯರೊಂದಿಗೆ ಸತ್ಯವೇದದ ಅಧ್ಯಯನ ಮತ್ತು ವಾರಕ್ಕೊಮ್ಮೆ ಪ್ರಭುಭೋಜನದ ನೇಮ ಹಿಡಿದಿದ್ದರು. ಜಾನ್ ಆ ಚಿಕ್ಕ ಗುಂಪಿನ ನಾಯಕರಾದರು. 1730ರಲ್ಲಿ ವಿಲಿಯಂ ಮಾರ್ಗನ್ ಎಂಬ ಗೆಳೆಯನ ಒತ್ತಾಯದಿಂದ ಕೋಟೆಯ ಸೆರೆಮನೆಗೆ ಹೋಗತೊಡಗಿದರು. ಸಾಲ ತೀರಿಸಲಾಗದೆ ಜೈಲು ಸೇರಿದವರಿಗೆ ನೆರವು, ಬಡ ಮಕ್ಕಳಿಗೆ ಪಾಠ, ರೋಗಿಗಳ ಭೇಟಿ ನಡೆದವು. ಬುಧವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಉಪವಾಸ.

ವಿಶ್ವವಿದ್ಯಾಲಯದ ಪಡ್ಡೆ ಹುಡುಗರಿಗೆ ಇದೆಲ್ಲ ನಗೆಪಾಟಲಿನ ವಿಷಯವಾಯಿತು. ಪವಿತ್ರ ಕೂಟ ಎಂದು ಗೇಲಿ ಮಾಡಿದರು. ಎಲ್ಲಕ್ಕೂ ಒಂದು ವಿಧಾನ ಹಿಡಿದು ನಡೆಯುವವರು ಎಂಬ ಅರ್ಥದಲ್ಲಿ ಮೆಥೋಡಿಸ್ಟರು ಎಂದು ಹೆಸರಿಟ್ಟರು. ಅಂದಿನ ಅಣಕದ ಮಾತೇ ಇಂದು ಜಗತ್ತಿನಾದ್ಯಂತ ಕೋಟ್ಯಂತರ ಅನುಯಾಯಿಗಳಿರುವ ಪಂಥದ ಹೆಸರಾಗಿ ಉಳಿದಿದೆ.

ಹಣದ ವಿಚಾರದಲ್ಲಿ ಅವರ ಶಿಸ್ತು ಬೆರಗು ಹುಟ್ಟಿಸುವಂಥದು. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನು ಹೆಸರು ಹೇಳದೆ ಅವರು ಮುಂದೊಮ್ಮೆ ಪ್ರಸಂಗದಲ್ಲಿ ವಿವರಿಸಿದರು. ಅದು ಅವರದೇ ಲೆಕ್ಕವೆಂದು ಚರಿತ್ರಕಾರರು ಗುರುತಿಸುತ್ತಾರೆ. ಮೊದಲ ವರ್ಷದ ಆದಾಯ 30 ಪೌಂಡ್. ಖರ್ಚು 28, ದಾನ 2. ಮರುವರ್ಷ ಆದಾಯ 60 ಪೌಂಡಿಗೆ ಏರಿತು. ಖರ್ಚು ಅದೇ 28, ದಾನ 32. ಮೂರನೇ ವರ್ಷ 90 ಪೌಂಡಿನಲ್ಲಿ 62, ನಾಲ್ಕನೇ ವರ್ಷ 120ರಲ್ಲಿ 92 ಪೌಂಡ್ ಬಡವರ ಪಾಲಾಯಿತು.

ಯಾರಿಗಾಗಿ ಈ ಸಾಧನೆ?

ಇಷ್ಟೆಲ್ಲ ಇದ್ದೂ ಏನೋ ಒಂದು ಕೊರತೆ ಅವರನ್ನು ಕಾಡುತ್ತಲೇ ಇತ್ತು. ಅದರ ಮೂಲ ಎಲ್ಲಿತ್ತು ಎಂಬುದನ್ನು ಆ ಕಾಲದ ಎರಡು ಪತ್ರಗಳು ತೋರಿಸಿಕೊಡುತ್ತವೆ.

ಮೊದಲನೆಯದು 1734ರ ಡಿಸೆಂಬರಿನಲ್ಲಿ ತಂದೆಗೆ ಬರೆದುದು. ವೃದ್ಧ ಸ್ಯಾಮ್ಯುಯೆಲ್ ತಮ್ಮ ನಂತರ ಎಪ್ವರ್ತ್ ಸಭೆಯ ಹೊಣೆ ಹೊರಬೇಕೆಂದು ಮಗನನ್ನು ಕೇಳಿಕೊಂಡಿದ್ದರು. ಮಗ ಒಲ್ಲೆ ಎಂದರು. ಕಾರಣಗಳಿಗೆ ಕ್ರಮಸಂಖ್ಯೆ ಹಾಕಿ ಸುದೀರ್ಘ ಉತ್ತರ ಬರೆದರು. ಅದರ ಸಾರಾಂಶ ಇಷ್ಟು: ತಮ್ಮ ಪಾವಿತ್ರ್ಯ ವೃದ್ಧಿಯಾಗಲು ಆಕ್ಸ್‌ಫರ್ಡೇ ತಕ್ಕ ಸ್ಥಳ, ಅಲ್ಲಿ ತಾವು ಪವಿತ್ರರಾದಷ್ಟೂ ಇತರರಿಗೆ ಉಪಯೋಗವಾಗುತ್ತದೆ. ತಂದೆ 1735ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಎರಡನೆಯದು 1735ರ ಅಕ್ಟೋಬರಿನದು. ಅಮೆರಿಕದಲ್ಲಿ ಬ್ರಿಟಿಷರು ಆಗಷ್ಟೇ ಸ್ಥಾಪಿಸಿದ್ದ ಜಾರ್ಜಿಯಾ ವಸಾಹತಿಗೆ ಧರ್ಮಬೋಧಕರಾಗಿ ಹೊರಟಾಗ ಹಿತೈಷಿಯೊಬ್ಬರಿಗೆ ಬರೆದದ್ದು. ಅಲ್ಲಿಗೆ ಹೋಗುವ ಮುಖ್ಯ ಉದ್ದೇಶ ತಮ್ಮ ಆತ್ಮವನ್ನು ಉಳಿಸಿಕೊಳ್ಳುವುದೇ ಆಗಿದೆ ಎಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಾಡಿನ ಮೂಲನಿವಾಸಿಗಳಿಗೆ ಸುವಾರ್ತೆ ಸಾರುತ್ತ ಅದರ ನಿಜವಾದ ಅರ್ಥವನ್ನು ತಾವೂ ಕಲಿಯಬಹುದೆಂಬ ಆಸೆ ಅವರದು.

ಪ್ರಾಮಾಣಿಕ ಮಾತುಗಳು, ಸಂಶಯವಿಲ್ಲ. ಆದರೆ ಇಲ್ಲಿ ಕೈದಿ, ಬಡವ, ಮೂಲನಿವಾಸಿ, ಕಡೆಗೆ ಹೆತ್ತ ತಂದೆಯೂ ವೆಸ್ಲಿ ಅವರ ಆತ್ಮೋನ್ನತಿಯ ಮೆಟ್ಟಿಲುಗಳಾಗಿಬಿಟ್ಟಿರುವುದನ್ನು ಗಮನಿಸಬೇಕು. ತನ್ನನ್ನು ತಾನು ಉಳಿಸಿಕೊಳ್ಳಲು ಹೊರಟವನ ಕಣ್ಣು ಎಷ್ಟೇ ಸತ್ಕಾರ್ಯ ಮಾಡಿದರೂ ತನ್ನ ಮೇಲೆಯೇ ನೆಟ್ಟಿರುತ್ತದೆ. ಕ್ರೈಸ್ತ ಚಿಂತಕರು ಪಾಪ ಎಂದು ಕರೆಯುವುದು ಬರೀ ಕೆಟ್ಟ ಚಟಗಳನ್ನಲ್ಲ. ಮನುಷ್ಯ ತನ್ನ ಸುತ್ತ ತಾನೇ ಸುತ್ತಿಕೊಂಡಿರುವ ಸ್ಥಿತಿಯನ್ನು ಅವರು ಹಾಗೆ ಕರೆಯುತ್ತಾರೆ. ಆ ಅರ್ಥದಲ್ಲಿ ನೋಡಿದರೆ ಪುಣ್ಯಕಾರ್ಯವೂ ಅದೇ ಗಂಟನ್ನು ಇನ್ನಷ್ಟು ಬಿಗಿ ಮಾಡಬಹುದು.

ನಡುಗಡಲಿನಲ್ಲಿ ಬಯಲಾದ ಭಯ

ವೆಸ್ಲಿ ಸಹೋದರರು ಇನ್ನಿಬ್ಬರು ಗೆಳೆಯರೊಂದಿಗೆ ಸಿಮಂಡ್ಸ್ ಎಂಬ ಹಡಗನ್ನೇರಿದರು. ಅದರಲ್ಲಿ ಮೊರೇವಿಯನ್ ಪಂಥದ 26 ಮಂದಿ ಜರ್ಮನರೂ ಇದ್ದರು. ಸಹಪ್ರಯಾಣಿಕರು ಮಾಡಲೊಲ್ಲದ ಕೀಳು ಕೆಲಸಗಳನ್ನೂ ಸಂಬಳವಿಲ್ಲದೆ ಮಾಡುತ್ತ, ಬೈದರೂ ಹೊಡೆದರೂ ಎದುರಾಡದೆ ಇದ್ದ ಆ ಜನರನ್ನು ವೆಸ್ಲಿ ಕುತೂಹಲದಿಂದ ಗಮನಿಸುತ್ತಿದ್ದರು. ಅವರೊಡನೆ ಮಾತನಾಡಲೆಂದೇ ಹಡಗಿನಲ್ಲಿ ಜರ್ಮನ್ ಕಲಿಯತೊಡಗಿದರು.

1736ರ ಜನವರಿ ತಿಂಗಳಲ್ಲಿ ಬಿರುಗಾಳಿಗಳು ಒಂದರ ಹಿಂದೊಂದು ಬಂದವು. ಜನವರಿ 25ರ ಸಂಜೆ ಮೊರೇವಿಯನ್ನರು ಕೀರ್ತನೆ ಹಾಡುತ್ತಿದ್ದಾಗಲೇ ದೈತ್ಯ ಅಲೆಯೊಂದು ಅಪ್ಪಳಿಸಿ ದೊಡ್ಡ ಹಾಯಿಯನ್ನು ಸೀಳಿ ಹಾಕಿತು. ನೀರು ಒಳನುಗ್ಗಿತು. ಇಂಗ್ಲಿಷರು ಕಿರುಚಾಡಿದರು. ಜರ್ಮನರು ತಲೆಯೆತ್ತಿ ನೋಡಿ, ಹಾಡನ್ನು ಮುಂದುವರಿಸಿದರು. ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ವೆಸ್ಲಿ ಅವರಲ್ಲೊಬ್ಬನನ್ನು ಆಮೇಲೆ ವಿಚಾರಿಸಿದರು. ಇಲ್ಲವೆಂಬ ಉತ್ತರ ಬಂತು. ಹೆಂಗಸರಿಗೂ ಮಕ್ಕಳಿಗೂ ಸಹ ಸಾವಿನ ಭಯವಿಲ್ಲವೆಂದು ಆತ ತಿಳಿಸಿದ. ವೆಸ್ಲಿ ಅವರಿಗಾದರೋ ಸಾವಿನ ಭಯವಿತ್ತು. ಗಂಟೆಗೊಮ್ಮೆ ಆತ್ಮಪರೀಕ್ಷೆ ಮಾಡಿಕೊಳ್ಳುತ್ತಿದ್ದವರಲ್ಲಿ ಇಲ್ಲದ ಧೈರ್ಯ ಆ ಬಡ ವಲಸಿಗರಲ್ಲಿ ಇತ್ತು.

ಜಾರ್ಜಿಯಾ ತಲುಪಿದ ಮೇಲೆ ಮೊರೇವಿಯನ್ ಮುಖಂಡ ಸ್ಪಾಂಗೆನ್‌ಬರ್ಗ್ ಅವರನ್ನು ಕಂಡರು. ಯೇಸು ಕ್ರಿಸ್ತನನ್ನು ಬಲ್ಲಿರಾ ಎಂಬ ಪ್ರಶ್ನೆಗೆ ವೆಸ್ಲಿ ಲೋಕರಕ್ಷಕನೆಂದು ಬಲ್ಲೆ ಎಂಬರ್ಥದ ಉತ್ತರ ಕೊಟ್ಟರು. ನಿಮ್ಮನ್ನು ರಕ್ಷಿಸಿದ್ದಾನೆಂದು ಬಲ್ಲಿರಾ ಎಂದು ಅವರು ಮತ್ತೆ ಕೇಳಿದಾಗ ತಡವರಿಸಿದರು. ಹೌದೆಂದು ಬಾಯಲ್ಲಿ ಹೇಳಿದರೂ ಆ ಮಾತು ಟೊಳ್ಳೆಂದು ಅವರಿಗೇ ಅನ್ನಿಸಿತು.

ಸವಾನಾ ಪಟ್ಟಣದ ವಾಸ ಸೋಲಿನ ಸರಮಾಲೆ. ಮೂಲನಿವಾಸಿಗಳ ನಡುವೆ ಕೆಲಸ ಮಾಡುವ ಅವಕಾಶ ಒದಗಲಿಲ್ಲ. ವಲಸಿಗರ ಮೇಲೆ ಹೇರಿದ ಆಚಾರದ ಬಿಗಿ ಅವರಲ್ಲಿ ಕಹಿ ಹುಟ್ಟಿಸಿತು. ಸೋಫಿ ಹಾಪ್ಕಿ ಎಂಬ ಯುವತಿಯನ್ನು ವೆಸ್ಲಿ ಮೆಚ್ಚಿದ್ದರು. ಮದುವೆಯ ವಿಚಾರದಲ್ಲಿ ತೀರ್ಮಾನಕ್ಕೆ ಬರದೆ ತೊಳಲಾಡುತ್ತಿರುವಾಗಲೇ ಆಕೆ 1737ರ ಮಾರ್ಚ್‌ನಲ್ಲಿ ಬೇರೊಬ್ಬರನ್ನು ವಿವಾಹವಾದರು. ಆಗಸ್ಟ್‌ನಲ್ಲಿ ವೆಸ್ಲಿ ಸಭಾನಿಯಮದ ಕಾರಣ ಮುಂದಿಟ್ಟು ಆಕೆಗೆ ಪ್ರಭುಭೋಜನ ನಿರಾಕರಿಸಿದರು. ನಿಯಮದ ಹೆಸರಿನಲ್ಲಿ ನೋವು ತೀರಿಸಿಕೊಂಡರೆಂದು ಊರು ಆಡಿಕೊಂಡಿತು. ಮೊಕದ್ದಮೆ ಹೂಡಲಾಯಿತು, ಹತ್ತು ಆರೋಪಗಳ ಪಟ್ಟಿ ಸಿದ್ಧವಾಯಿತು. ಡಿಸೆಂಬರ್ 2ರಂದು ಅವರು ಸವಾನಾ ಬಿಟ್ಟು ಹೊರಟರು. 1738ರ ಫೆಬ್ರುವರಿ 1ರಂದು ಇಂಗ್ಲೆಂಡಿನ ಡೀಲ್ ಬಂದರಿನಲ್ಲಿ ಇಳಿದಾಗ ಅವರ ಬಳಿ ಉಳಿದಿದ್ದು ಆತ್ಮಪರೀಕ್ಷೆಯ ದಿನಚರಿ ಮಾತ್ರ. ಅದರ ಉತ್ತರವೂ ಅವರ ವಿರುದ್ಧವಾಗಿಯೇ ಇತ್ತು.

1738ರ ಮೇ 24

ಮರಳಿ ಬಂದ ಒಂದು ವಾರದಲ್ಲಿ, ಅಂದರೆ ಫೆಬ್ರುವರಿ 7ರಂದು, ಲಂಡನ್ನಿನಲ್ಲಿ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕರ ಪರಿಚಯವಾಯಿತು. ಅವರು ವೆಸ್ಲಿ ಅವರಿಗಿಂತ ಒಂಬತ್ತು ವರ್ಷ ಕಿರಿಯರು. ರಕ್ಷಣೆಯು ಸಂಪೂರ್ಣವಾಗಿ ದೇವರ ಕೊಡುಗೆ, ಮನುಷ್ಯ ಅದನ್ನು ನಂಬಿಕೆಯಿಂದ ಕೈಚಾಚಿ ಸ್ವೀಕರಿಸುತ್ತಾನೆ ಎಂಬುದು ಬೋಲರ್ ವಾದ. ತರ್ಕಪಟುವಾದ ವೆಸ್ಲಿ ಸುಲಭಕ್ಕೆ ಒಪ್ಪಲಿಲ್ಲ. ಗ್ರೀಕ್ ಮೂಲದಲ್ಲಿ ಅಪೊಸ್ತಲರ ಕೃತ್ಯಗಳನ್ನು ಮತ್ತೆ ಓದಿ ನೋಡಿದರು. ಅಲ್ಲಿನ ಪರಿವರ್ತನೆಗಳೆಲ್ಲ ಬಹುಪಾಲು ಬೋಲರ್ ಹೇಳಿದಂತೆಯೇ ಇದ್ದವು.

ತಮಗೇ ಇಲ್ಲದ ನಂಬಿಕೆಯನ್ನು ಇತರರಿಗೆ ಹೇಗೆ ಬೋಧಿಸುವುದು, ಪ್ರಸಂಗ ನಿಲ್ಲಿಸಲೇ ಎಂಬ ಸಂಕಟ ಎದುರಾಯಿತು. ನಂಬಿಕೆ ದೊರೆಯುವವರೆಗೂ ಅದನ್ನು ಸಾರುತ್ತಿರಿ, ದೊರೆತ ಮೇಲೆ ದೊರೆತ ಕಾರಣಕ್ಕೇ ಸಾರುವಿರಿ ಎಂಬುದು ಬೋಲರ್ ನೀಡಿದ ಸಲಹೆಯ ತಾತ್ಪರ್ಯ. ವೆಸ್ಲಿ ಹಾಗೆಯೇ ಮಾಡಿದರು. ಮಾರ್ಚ್ 6ರಂದು ಈ ಹೊಸ ಬೋಧನೆಯನ್ನು ಮೊದಲು ಕೇಳಿಸಿಕೊಂಡಾತ ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿ. ತನ್ನನ್ನು ತಿದ್ದಿಕೊಳ್ಳಲು, ಒಳ್ಳೆಯ ಕೆಲಸ ಮಾಡಿ ಹಳೆಯ ಬಾಕಿ ತೀರಿಸಲು ಆತನಿಗೆ ದಿನಗಳೇ ಉಳಿದಿರಲಿಲ್ಲ. ಸ್ವಪ್ರಯತ್ನವೊಂದೇ ದಾರಿಯಾಗಿದ್ದರೆ ಅಂಥವನಿಗೆ ಹೇಳಲು ಪಾದ್ರಿಯ ಬಳಿ ಏನಿರುತ್ತಿತ್ತು ಎಂಬ ಪ್ರಶ್ನೆ ಆ ಸೆರೆಮನೆಯಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ.

ಮೇ ತಿಂಗಳಲ್ಲಿ ಹಳೆಯ ಗುರು ವಿಲಿಯಂ ಲಾ ಅವರಿಗೆ ವೆಸ್ಲಿ ಖಾರವಾದ ಪತ್ರವನ್ನೇ ಬರೆದರು. ಪಾಲಿಸಬೇಕಾದ ನಿಯಮವನ್ನು ಕಲಿಸಿದಿರಿ, ಪಾಲಿಸುವ ಶಕ್ತಿ ಎಲ್ಲಿಂದ ಬರಬೇಕೆಂಬುದನ್ನು ಹೇಳಲಿಲ್ಲ ಎಂಬುದು ಅದರ ದೂರು. ಅದೇ ತಿಂಗಳ 21ರಂದು ತಮ್ಮ ಚಾರ್ಲ್ಸ್‌ಗೆ ನೆಮ್ಮದಿ ದೊರೆಯಿತು. ಮೂರು ದಿನಗಳ ಬಳಿಕ, ಬುಧವಾರ ಸಂಜೆ, ವೆಸ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಚಿಕ್ಕ ಕೂಟಕ್ಕೆ ಹೋದರು. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಗೆ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ರಾತ್ರಿ ಎಂಟು ಮುಕ್ಕಾಲರ ಸುಮಾರಿಗೆ, ಕ್ರಿಸ್ತನ ಮೇಲಿನ ನಂಬಿಕೆಯ ಮೂಲಕ ದೇವರು ಹೃದಯದಲ್ಲಿ ತರುವ ಮಾರ್ಪಾಟನ್ನು ಲೂಥರ್ ವರ್ಣಿಸುವ ಭಾಗ ಬಂತು. ವೆಸ್ಲಿ ಅವರ ಎದೆಯಲ್ಲಿ ಹಿಂದೆಂದೂ ಕಾಣದ ಬಿಸುಪು ಹರಡಿತು. ಕ್ರಿಸ್ತನು ತನ್ನ ಪಾಪಗಳನ್ನೂ ತೊಡೆದಿದ್ದಾನೆಂಬ ಭರವಸೆ ಮೂಡಿತು. ತಮಗೆ ಕೇಡು ಬಗೆದವರಿಗಾಗಿ ಅಲ್ಲಿಯೇ ಪ್ರಾರ್ಥಿಸತೊಡಗಿದರೆಂದು ಅವರ ದಿನಚರಿ ತಿಳಿಸುತ್ತದೆ.

ಕೂಲಿಯೇ, ಕೊಡುಗೆಯೇ?

ಲೂಥರ್ ವಿವರಿಸಿದ ಪೌಲನ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ದುಡಿದವನಿಗೆ ಸಿಗುವುದು ಕೂಲಿ. ಅದು ಅವನ ಹಕ್ಕು. ಅದರಲ್ಲಿ ಕೊಟ್ಟವನ ಪ್ರೀತಿಯೇನೂ ಇರಬೇಕಿಲ್ಲ. ದೇವರ ಮುಂದೆ ಮನುಷ್ಯ ಕೂಲಿಯ ಲೆಕ್ಕ ಹಿಡಿದು ನಿಂತರೆ ಎರಡರಲ್ಲೊಂದು ಸಂಭವಿಸುತ್ತದೆ. ಲೆಕ್ಕ ಸರಿಯಿದೆಯೆಂದು ಕಂಡರೆ ಅಹಂಕಾರ, ಕಡಿಮೆಯಿದೆಯೆಂದು ಕಂಡರೆ ಹತಾಶೆ. ವೆಸ್ಲಿ ಎರಡನೆಯದರಲ್ಲಿ ಸಿಕ್ಕಿಬಿದ್ದಿದ್ದರು. ಎಷ್ಟು ಮಾಡಿದರೆ ಸಾಕು ಎಂದು ಹೇಳುವ ಅಳತೆಗೋಲು ಅವರ ಬಳಿ ಇರಲಿಲ್ಲ, ಯಾರ ಬಳಿಯೂ ಇಲ್ಲ. ಕೃಪೆ ಎಂಬುದು ಕೊಡುಗೆಯಾದ್ದರಿಂದ ಅಲ್ಲಿ ಲೆಕ್ಕವೇ ಮುಗಿದುಹೋಗುತ್ತದೆ. ದೇವರು ಮೊದಲು ಮಗನೆಂದು ಒಪ್ಪಿಕೊಳ್ಳುತ್ತಾನೆ, ಆಮೇಲೆ ಮಗನಂತೆ ನಡೆಯಲು ಕಲಿಸುತ್ತಾನೆ ಎಂಬುದು ಈ ಬೋಧನೆಯ ಕ್ರಮ. ವೆಸ್ಲಿ ಹಿಡಿದಿದ್ದು ಅದರ ತಿರುಗುಮುರುಗಾದ ಕ್ರಮ.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಮೇ 24ರ ನಂತರ ವೆಸ್ಲಿ ಅವರ ದಿನಚರಿಯಲ್ಲಿ ಬದಲಾದದ್ದು ಬಹಳ ಕಡಿಮೆ. ಅದೇ ನಾಲ್ಕು ಗಂಟೆಗೆ ಏಳುವುದು, ಅದೇ ಮಿತವ್ಯಯ, ಅದೇ ದಾನ, ಅದೇ ಸೆರೆಮನೆ. ಬದಲಾದದ್ದು ದಿಕ್ಕು. ತಮ್ಮ ಆತ್ಮದ ಲೆಕ್ಕ ಬರೆಯುತ್ತಿದ್ದವರು ಊರೂರು ತಿರುಗಿ ಇತರರ ಯೋಗಕ್ಷೇಮ ವಿಚಾರಿಸುವವರಾದರು.

1739ರ ಏಪ್ರಿಲ್ 2ರಂದು, ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅವರ ಒತ್ತಾಯಕ್ಕೆ ಮಣಿದು, ಬ್ರಿಸ್ಟಲ್ ನಗರದ ಹೊರಗೆ ಬಯಲಿನಲ್ಲಿ ಪ್ರಸಂಗ ಮಾಡಿದರು. ಚರ್ಚಿನ ಕಟ್ಟಡದ ಹೊರಗೆ ಆತ್ಮರಕ್ಷಣೆ ಸಾರುವುದೇ ಪಾಪ ಎಂಬಷ್ಟು ಸಂಪ್ರದಾಯನಿಷ್ಠರಾಗಿದ್ದವರಿಗೆ ಇದು ಸಣ್ಣ ಹೆಜ್ಜೆಯಲ್ಲ. ಸುಮಾರು 3 ಸಾವಿರ ಮಂದಿ ಸೇರಿದ್ದರೆಂದು ಅವರ ಅಂದಾಜು. ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿ ಕಾರ್ಮಿಕರು, ಯಾವ ಚರ್ಚಿನಲ್ಲಿಯೂ ಜಾಗವಿಲ್ಲದವರು, ಅವರ ಶ್ರೋತೃಗಳಾದರು. ಮುಂದಿನ ಐದು ದಶಕಗಳಲ್ಲಿ ವೆಸ್ಲಿ ಕ್ರಮಿಸಿದ್ದು ಅಂದಾಜು ಎರಡೂವರೆ ಲಕ್ಷ ಮೈಲಿ, ಹೆಚ್ಚಿನದೆಲ್ಲ ಕುದುರೆಯ ಬೆನ್ನಿನ ಮೇಲೆ. ಪ್ರಸಂಗಗಳ ಸಂಖ್ಯೆ 40 ಸಾವಿರ ಎನ್ನಲಾಗುತ್ತದೆ. 1743ರಲ್ಲಿ ವೆಡ್ನೆಸ್‌ಬರಿಯಲ್ಲಿ ದೊಂಬಿಯ ಕೈಗೆ ಸಿಕ್ಕಿ ಪ್ರಾಣಾಪಾಯದಿಂದ ಪಾರಾದರು. 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಉಚಿತ ಔಷಧಾಲಯ ಮತ್ತು ಕಿರುಸಾಲದ ನಿಧಿ ಆರಂಭಿಸಿದರು. 1747ರಲ್ಲಿ ಬಡವರ ಕೈಗೆಟಕುವ ಮನೆಮದ್ದಿನ ಪುಸ್ತಕ ಪ್ರಕಟಿಸಿದರು. 1774ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪುಸ್ತಿಕೆ ಬರೆದರು.

ಸುಮ್ಮನಿರುವುದೂ ದಾರಿಯಲ್ಲ

ಎಲ್ಲವೂ ಕೃಪೆಯೇ ಆದರೆ ಮನುಷ್ಯ ಮಾಡಬೇಕಾದುದು ಏನೂ ಇಲ್ಲವೇ? ಈ ಪ್ರಶ್ನೆ ವೆಸ್ಲಿ ಅವರಿಗೆ ತಮ್ಮ ಮೊರೇವಿಯನ್ ಗೆಳೆಯರಿಂದಲೇ ಎದುರಾಯಿತು. ಪೂರ್ಣ ನಂಬಿಕೆ ಬರುವವರೆಗೆ ಪ್ರಭುಭೋಜನ, ಪ್ರಾರ್ಥನೆ, ಸತ್ಯವೇದದ ಓದು, ಸತ್ಕಾರ್ಯ ಎಲ್ಲವನ್ನೂ ಬಿಟ್ಟು ಸುಮ್ಮನೆ ಕಾಯಬೇಕೆಂದು ಲಂಡನ್ನಿನ ಫೆಟರ್ ಲೇನ್ ಸಂಘದಲ್ಲಿ ಕೆಲವರು ಬೋಧಿಸತೊಡಗಿದ್ದರು. ವೆಸ್ಲಿ ಅದನ್ನು ವಿರೋಧಿಸಿ 1740ರ ಜುಲೈನಲ್ಲಿ ಸಂಘದಿಂದ ಹೊರಬಂದರು. ಪ್ರಾರ್ಥನೆ, ಪ್ರಭುಭೋಜನಗಳು ಕೃಪೆ ಹರಿದು ಬರುವ ಕಾಲುವೆಗಳು ಎಂಬುದು ಅವರ ನಿಲುವು. ಕಾಲುವೆ ನೀರನ್ನು ಹುಟ್ಟಿಸುವುದಿಲ್ಲ, ಹಾಗೆಂದು ಅದನ್ನು ಮುಚ್ಚಿಬಿಟ್ಟರೆ ಗದ್ದೆಗೆ ನೀರು ಹರಿಯುವುದೂ ಇಲ್ಲ.

ಮನುಷ್ಯ ಒಂಟಿಯಾಗಿ ನಂಬಿಕೆಯಲ್ಲಿ ಬೆಳೆಯಲಾರ ಎಂಬುದು ಅವರ ಇನ್ನೊಂದು ದೃಢ ಅಭಿಪ್ರಾಯ. ಬ್ರಿಸ್ಟಲ್ ಪ್ರಾರ್ಥನಾಲಯದ ಸಾಲ ತೀರಿಸಲು 1742ರಲ್ಲಿ ಸದಸ್ಯರಿಂದ ವಾರಕ್ಕೊಂದು ಪೆನ್ನಿ ಸಂಗ್ರಹಿಸುವ ಏರ್ಪಾಡಾಯಿತು. ಸುಮಾರು ಹನ್ನೆರಡು ಮಂದಿಗೊಬ್ಬ ಮುಂದಾಳು. ಹಣ ಕೇಳಲು ಮನೆಗೆ ಹೋದವರಿಗೆ ಅಲ್ಲಿನ ಕಷ್ಟಸುಖವೂ ತಿಳಿಯತೊಡಗಿತು. ಈ ಗುಂಪುಗಳೇ ಮೆಥೋಡಿಸ್ಟರ ಪ್ರಸಿದ್ಧ ವರ್ಗಕೂಟಗಳಾದವು. ಸೇರಲು ಪೂರ್ವಾರ್ಹತೆಯಾಗಿ ಸಚ್ಚಾರಿತ್ರ್ಯದ ದಾಖಲೆ ಬೇಕಿರಲಿಲ್ಲ. ಪಾಪದಿಂದ ಬಿಡುಗಡೆ ಹೊಂದುವ ಹಂಬಲವಿದ್ದರೆ ಸಾಕಿತ್ತು. ಸೇರಿದ ಮೇಲೆ ಮಾತ್ರ ಆ ಹಂಬಲ ನಡತೆಯಲ್ಲಿ ಕಾಣಬೇಕಿತ್ತು. ಕೇಡು ಮಾಡದಿರುವುದು, ಒಳಿತು ಮಾಡುವುದು, ಆರಾಧನೆಯನ್ನು ಬಿಡದಿರುವುದು ಎಂಬ ಮೂರು ನಿಯಮಗಳನ್ನು 1743ರಲ್ಲಿ ಅಚ್ಚು ಹಾಕಿಸಲಾಯಿತು.

ಆಳು ಮತ್ತು ಮಗ

ವೆಸ್ಲಿ ಅವರ ಬದುಕನ್ನು ಮೇ 24ರ ಸಂಜೆಗೆ ಮುಗಿಸಿಬಿಡುವ ಚರಿತ್ರೆಗಳು ಬಹಳಷ್ಟಿವೆ. ವಾಸ್ತವ ಅಷ್ಟು ಸರಳವಲ್ಲ. ಎಂಟು ತಿಂಗಳೂ ತುಂಬುವ ಮೊದಲೇ, 1739ರ ಜನವರಿಯಲ್ಲಿ, ತಾವು ಕ್ರೈಸ್ತರೇ ಅಲ್ಲವೆಂದು ಅವರು ಮತ್ತೆ ಬರೆದುಕೊಂಡರು. 1751ರಲ್ಲಿ ಮೇರಿ ವಝೀಲ್ ಎಂಬ ವಿಧವೆಯನ್ನು ಮದುವೆಯಾದರು. ದಾಂಪತ್ಯ ಹಳಸಿತು. ಪತ್ನಿ ಹಲವು ಬಾರಿ ಮನೆ ಬಿಟ್ಟು ಹೋದರು, 1781ರಲ್ಲಿ ತೀರಿಕೊಂಡರು. ಸಾವಿರಾರು ಮಂದಿಗೆ ಸಮಾಧಾನ ಹೇಳಿದಾತನಿಗೆ ಸ್ವಂತ ಮನೆಯಲ್ಲಿ ಸಮಾಧಾನವಿರಲಿಲ್ಲ. 1766ರಲ್ಲಿ ತಮ್ಮ ಚಾರ್ಲ್ಸ್‌ಗೆ ಬರೆದ ಖಾಸಗಿ ಪತ್ರದಲ್ಲಿ, ತಾವು ದೇವರನ್ನು ನಿಜವಾಗಿ ಪ್ರೀತಿಸಿದ್ದುಂಟೇ ಎಂಬ ಶಂಕೆಯನ್ನೇ ತೋಡಿಕೊಂಡರು. ಆಗ ಅವರಿಗೆ 63 ವರ್ಷ. ಆ ಪತ್ರದಲ್ಲಿಯೇ ಕೆಲಸ ನಿಲ್ಲಿಸಲಾರೆನೆಂಬ ಮಾತೂ ಇದೆ. ತಮ್ಮ ಒಳಗಿನ ಭಾವ ಏರಲಿ ಇಳಿಯಲಿ, ಹೊರಗಿನಿಂದ ಬಂದ ಕೃಪೆಯ ಮಾತು ನಿಜವೆಂಬ ಭರವಸೆಯಿಂದ ಅವರು ಮುಂದೆ ನಡೆದರು.

1770ರ ದಶಕದಲ್ಲಿ ತಮ್ಮ ಬರಹಗಳ ಸಂಪುಟಗಳನ್ನು ಮರುಮುದ್ರಿಸುವಾಗ ವೆಸ್ಲಿ ಹಳೆಯ ದಿನಚರಿಗೆ ಕೆಲವು ಅಡಿಟಿಪ್ಪಣಿ ಸೇರಿಸಿದರು. ಜಾರ್ಜಿಯಾದಿಂದ ಮರಳಿದಾಗ ತಮ್ಮ ಬಗ್ಗೆ ತಾವು ನೀಡಿದ್ದ ಕಠೋರ ತೀರ್ಪು ಈಗ ಅವರಿಗೆ ಪೂರ್ತಿ ಸರಿಯೆನಿಸಲಿಲ್ಲ. ಆಗಲೂ ತಮ್ಮಲ್ಲಿ ನಂಬಿಕೆಯಿತ್ತು, ಆದರೆ ಅದು ಆಳಿನ ನಂಬಿಕೆ, ಮಗನದಲ್ಲ ಎಂಬರ್ಥದ ತಿದ್ದುಪಡಿಯನ್ನು ಅವರು ಹಾಕಿದರು. ಆಳು ಭಯದಿಂದ ದುಡಿಯುತ್ತಾನೆ. ಅವನ ದುಡಿಮೆ ಸುಳ್ಳಲ್ಲ, ಯಜಮಾನ ಅದನ್ನು ತಿರಸ್ಕರಿಸುವುದೂ ಇಲ್ಲ. ಆದರೆ ದಿನದ ಕೊನೆಯಲ್ಲಿ ಈ ಮನೆ ತನ್ನದು ಎಂಬ ನೆಮ್ಮದಿ ಅವನಿಗಿಲ್ಲ. ಮಗನಿಗೂ ಕೆಲಸವಿದೆ, ಕೆಲವೊಮ್ಮೆ ಆಳಿಗಿಂತ ಹೆಚ್ಚು. ಅವನು ಮನೆಯವನೆಂಬ ಕಾರಣಕ್ಕೆ ಅದನ್ನು ಮಾಡುತ್ತಾನೆ. ಉರಿಯುವ ಮನೆಯಲ್ಲಿ ಪೆಟ್ಟಿಗೆ ಹತ್ತಿ ಕಿಟಕಿಗೆ ಬಂದ ಬಾಲಕನ ಪ್ರಯತ್ನ ವ್ಯರ್ಥವಾಗಿರಲಿಲ್ಲ. ಆದರೆ ಉಳಿಸಿದ್ದು ಹೊರಗಿನಿಂದ ಚಾಚಿದ ಕೈ.

ಯಶಸ್ಸು ಒಡ್ಡಿದ ಅಪಾಯ

ಇಳಿವಯಸ್ಸಿನಲ್ಲಿ ವೆಸ್ಲಿ ಅವರನ್ನು ಕಾಡಿದ್ದು ಅನುಯಾಯಿಗಳ ಸೋಲಿಗಿಂತ ಅವರ ಯಶಸ್ಸು. ಕುಡಿತ ಬಿಟ್ಟು, ಜೂಜು ಬಿಟ್ಟು, ಮೈಮುರಿದು ದುಡಿದು, ದುಂದು ಮಾಡದೆ ಬದುಕಿದ ಮೆಥೋಡಿಸ್ಟರು ಸಹಜವಾಗಿಯೇ ಅನುಕೂಲಸ್ಥರಾದರು. ಸ್ವಸುಧಾರಣೆ ಲೋಕದ ಕಣ್ಣಿಗೆ ಫಲ ಕೊಟ್ಟಿತ್ತು. ಆದರೆ ಸಂಪತ್ತಿನೊಂದಿಗೆ ಗರ್ವವೂ ಬೆಳೆಯಿತು. ಧರ್ಮವು ಶ್ರಮ ಮತ್ತು ಮಿತವ್ಯಯವನ್ನು ಹುಟ್ಟಿಸುತ್ತದೆ, ಅವು ಹಣವನ್ನು ಹುಟ್ಟಿಸುತ್ತವೆ, ಹಣವು ಧರ್ಮದ ಬೇರನ್ನೇ ತಿನ್ನುತ್ತದೆ ಎಂಬ ಈ ವಿಷವರ್ತುಲವನ್ನು ಅವರು ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದರು. ಸಾಧ್ಯವಾದಷ್ಟು ಗಳಿಸುವವರು, ಉಳಿಸುವವರು ಸಾಧ್ಯವಾದಷ್ಟು ಕೊಡಲೂ ಬೇಕು ಎಂಬುದೊಂದೇ ಅವರು ಕಂಡ ಪರಿಹಾರ. ಜನ ಮೊದಲೆರಡನ್ನು ಪಾಲಿಸಿ ಮೂರನೆಯದನ್ನು ಬಿಟ್ಟರೆಂಬ ಕೊರಗು ಅವರಿಗೆ ಕಡೆಯವರೆಗೂ ಉಳಿಯಿತು. ಒಳಗಿನ ಗಂಟು ಬಿಚ್ಚದೆ ನಡತೆಯನ್ನಷ್ಟೇ ತಿದ್ದಿಕೊಂಡರೆ ಹಳೆಯ ಸ್ವಾರ್ಥವೇ ಹೊಸ ಬಟ್ಟೆ ತೊಟ್ಟು ಬರುತ್ತದೆಂಬುದಕ್ಕೆ ಸ್ವಂತ ಸಂಘವೇ ಸಾಕ್ಷಿಯಾಯಿತು.

1791ರ ಫೆಬ್ರುವರಿ 24ರಂದು, ಸಾವಿಗೆ ಆರು ದಿನ ಮುನ್ನ, ಗುಲಾಮಗಿರಿಯ ವಿರುದ್ಧ ಸಂಸತ್ತಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ವೆಸ್ಲಿ ಪತ್ರ ಬರೆದು ಧೈರ್ಯ ತುಂಬಿದರು. ದೇವರ ಬಲವಿಲ್ಲದೆ ಮನುಷ್ಯ ಈ ಹೋರಾಟದಲ್ಲಿ ಸವೆದುಹೋಗುತ್ತಾನೆ ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಮಾರ್ಚ್ 2ರಂದು ಲಂಡನ್ನಿನ ಸಿಟಿ ರೋಡ್ ನಿವಾಸದಲ್ಲಿ, 87ನೇ ವಯಸ್ಸಿನಲ್ಲಿ ನಿಧನರಾದರು. ಶವಪೆಟ್ಟಿಗೆ ಹೊರಲು ಆರು ಮಂದಿ ಬಡವರನ್ನು ಕರೆದು ತಲಾ 20 ಶಿಲ್ಲಿಂಗ್ ಕೊಡಬೇಕೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಆ ವೇಳೆಗೆ ಬ್ರಿಟಿಷ್ ದ್ವೀಪಗಳಲ್ಲಿಯೇ ಮೆಥೋಡಿಸ್ಟ್ ಸದಸ್ಯರ ಸಂಖ್ಯೆ 70 ಸಾವಿರ ದಾಟಿತ್ತು.

ವೆಸ್ಲಿ ಭಾರತಕ್ಕೆ ಬಂದವರಲ್ಲ. ಅವರ ಹೆಸರು ಮಾತ್ರ ಕನ್ನಡ ನಾಡಿಗೆ ಹೊಸದಲ್ಲ. 19ನೇ ಶತಮಾನದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನವರು ಶಾಲೆಗಳನ್ನು ತೆರೆದರು, ಮುದ್ರಣಾಲಯ ನಡೆಸಿದರು. 1887ರಲ್ಲಿ ಆರಂಭವಾದ ವೃತ್ತಾಂತ ಪತ್ರಿಕೆ ಅವರದೇ ಪ್ರಯತ್ನ. ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅದೇ ಮಿಷನ್ನಿನದು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಭಾಗದ ವೆಸ್ಲಿಯನ್ ಸಭೆಗಳು ಅದರಲ್ಲಿ ಒಂದಾದವು.

ಕಳೆದ ಕೆಲವು ದಶಕಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳು, ಶಿಬಿರಗಳು ಎಲ್ಲೆಡೆ ಹಬ್ಬಿವೆ. ಬೇಗ ಏಳುವ, ಸಮಯದ ಲೆಕ್ಕವಿಡುವ, ದಿನದ ಗುರಿ ಬರೆದಿಡುವ ಉಪದೇಶಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹೇಳುವ ಬಹುಪಾಲನ್ನು ವೆಸ್ಲಿ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಮಾಡಿ ಮುಗಿಸಿದ್ದರು, ಕಡೆಯವರೆಗೂ ಬಿಡಲಿಲ್ಲ. ಅವರು ಬಿಟ್ಟದ್ದು ಆ ನೇಮಗಳ ಬಲದಿಂದ ದೇವರ ಮುಂದೆ ನಿಲ್ಲಬಲ್ಲೆನೆಂಬ ಎಣಿಕೆಯನ್ನು. ಅದನ್ನು ಬಿಡಲು ಅವರಿಗೆ ಹದಿಮೂರು ವರ್ಷಗಳ ಸಾಧನೆ, ಒಂದು ಬಿರುಗಾಳಿ ಮತ್ತು ಜಾರ್ಜಿಯಾದ ಸೋಲು ಬೇಕಾದವು.